ಗಾಲ್ಫ್‌ನಲ್ಲಿ 60 ಡಿಗ್ರಿ ವೆಡ್ಜ್ ಯಾವಾಗ ತೆಗೀಬೇಕು? ಬೆಳಗಾವಿ ನೆಲದ ಮೇಲೆ ಆಡುವವರು ಹೇಳಿ

ಟಿಳಕವಾಡಿ ಲೆಫ್ಟಿ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಉತ್ತರ ಕೊಡಿ.

ನನ್ನ ಬ್ಯಾಗಿನಲ್ಲಿ ಸೆಟ್ ಜೊತೆಗೇ ಬಂದ ಪಿಚಿಂಗ್ ವೆಡ್ಜ್ (ಹತ್ತಿರದಿಂದ ಚೆಂಡನ್ನು ಎತ್ತಿ ಹೊಡೆಯುವ ಕ್ಲಬ್) ಇದೆ, ಲಾಫ್ಟ್ ಅಂದರೆ ಅದರ ಫೇಸ್ (ಮುಖ) ಹಿಂದಕ್ಕೆ ವಾಲಿರುವ ಕೋನ 44 ಡಿಗ್ರಿ. ಅದು ಬಿಟ್ಟರೆ ನೇರವಾಗಿ 56ರ ಸ್ಯಾಂಡ್ ವೆಡ್ಜ್. ಈಗ 60ರ ಲಾಬ್ ವೆಡ್ಜ್ ತಗೋಬೇಕು ಅಂತ ಮನಸ್ಸಾಗಿದೆ. ಗ್ರೀನ್ (ಕುಳಿ ಇರುವ ನುಣುಪು ಹುಲ್ಲಿನ ಜಾಗ) ಪಕ್ಕ ಬಂಕರ್ (ಮರಳಿನ ಗುಂಡಿ) ಇದ್ದು, ಅದರ ಆಚೆ ನಾಲ್ಕು ಹೆಜ್ಜೆಗೇ ಪಿನ್ (ಕುಳಿಯ ಬಾವುಟದ ಕೋಲು) ಇದ್ದಾಗ 56ರಲ್ಲಿ ಎತ್ತಿ ಹಾಕಿದರೂ ಚೆಂಡು ನಿಲ್ಲುವುದಿಲ್ಲ. ಬಿದ್ದ ಮೇಲೆ ಓಡಿ ಆಚೆ ಇಳಿದುಬಿಡುತ್ತದೆ. ಟಿವಿಯಲ್ಲಿ ಫಿಲ್ ಮಿಕೆಲ್ಸನ್ ಆಡುವುದನ್ನು ನೋಡಿದರೆ ಚೆಂಡು ನೆಟ್ಟಗೆ ಮೇಲೆ ಹೋಗಿ ಬಿದ್ದಲ್ಲೇ ಕೂರುತ್ತದೆ. ಅವರು 64 ಡಿಗ್ರಿಯ ವೆಡ್ಜ್ ಕೂಡ ಬಳಸಿದವರು. ನಾನೂ ಎಡಗೈ ಆಟಗಾರ, ಹಾಗಾಗಿ ಅವರ ಆಟ ಜಾಸ್ತಿ ನೋಡುತ್ತೇನೆ.

ಆದರೆ ನಮ್ಮ ಕೋರ್ಸಿನಲ್ಲಿ ಹಿರಿಯರು ಯಾರನ್ನು ಕೇಳಿದರೂ "ಬೇಡ, ಅದು ನಿನಗಲ್ಲ" ಅಂತಾರೆ. ಯಾಕೆ ಬೇಡ ಅಂತ ಬಿಡಿಸಿ ಹೇಳುವವರು ಕಡಿಮೆ. ನಿಜವಾಗಿ ಈ ಕ್ಲಬ್ ಯಾವಾಗ ಬೇಕು, ಯಾಕೆ ಬೇಕು, ನಮ್ಮ ಕೆಂಪು ನೆಲಕ್ಕೆ ಹೊಂದುತ್ತದಾ? ಆಡಿ ನೋಡಿದವರು ಹೇಳಿ.

ಗರಿಕೆ

ಒಳ್ಳೇ ಪ್ರಶ್ನೆ. ಹಿರಿಯರು ಹೇಳಿದ್ದು ಅರ್ಧ ಸರಿ ಅಂತ ನನ್ನ ಅಭಿಪ್ರಾಯ. ಕ್ಲಬ್ ಕೆಟ್ಟದ್ದಲ್ಲ. ಅದನ್ನು ತೆಗೆಯುವ ಜಾಗ ತಪ್ಪುತ್ತದೆ, ಅಷ್ಟೇ.

ನನ್ನ ಲೆಕ್ಕದಲ್ಲಿ ಮೂರೂ ಒಟ್ಟಿಗೆ ಇದ್ದಾಗ ಮಾತ್ರ 60 ತೆಗೆಯಬೇಕು. ಚೆಂಡಿಗೂ ಪಿನ್ನಿಗೂ ನಡುವೆ ದಾಟಿಸಲೇಬೇಕಾದ ಏನೋ ಒಂದು ಇರಬೇಕು, ಬಂಕರೋ ದಿಬ್ಬವೋ ನೀರೋ. ಬಿದ್ದ ಮೇಲೆ ಓಡಲು ಗ್ರೀನ್ ಮೇಲೆ ಜಾಗ ಇರಬಾರದು, ಅಂದರೆ ನೀವು ಶಾರ್ಟ್ ಸೈಡ್ ಆಗಿರಬೇಕು. ಮತ್ತೆ ಎಲ್ಲಕ್ಕಿಂತ ಮುಖ್ಯವಾಗಿ, ಚೆಂಡಿನ ಕೆಳಗೆ ಕ್ಲಬ್ ನುಸುಳಲು ಒಂದಿಷ್ಟು ಹುಲ್ಲು ಇರಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ಬೇರೆ ಕ್ಲಬ್ಬಿಗೆ ಕೈ ಹಾಕಿ.

ನೀವು ಮೊದಲ ಎರಡನ್ನು ಹೇಳಿದ್ದೀರಿ. ಚೆಂಡು ಎಂಥ ನೆಲದ ಮೇಲೆ ಕೂತಿತ್ತು ಅನ್ನುವುದನ್ನು ಹೇಳಿಲ್ಲ. ನಾವೆಲ್ಲ ಬ್ಯಾಗ್ ಹತ್ತಿರ ನಿಂತು ಪಿನ್ ನೋಡಿ ಕ್ಲಬ್ ಆರಿಸುತ್ತೇವೆ. ಚೆಂಡಿನ ಹತ್ತಿರ ಹೋಗಿ ಬಗ್ಗಿ ನೋಡಿ ಆಮೇಲೆ ಆರಿಸಬೇಕು. ಈ ಕ್ಲಬ್ಬಿನ ವಿಷಯದಲ್ಲಂತೂ ಲೈ (ಚೆಂಡು ಕೂತಿರುವ ರೀತಿ) ನೋಡದೆ ಏನನ್ನೂ ತೀರ್ಮಾನ ಮಾಡಬಾರದು.

ಶಹಾಪುರ ಪಾರ್ 3

60 ಮರೆತುಬಿಡಿ. ಮೊದಲು ನಿಮ್ಮ 44 ಮತ್ತು 56ರ ನಡುವಿನ ಗುಂಡಿ ಮುಚ್ಚಿ.

12 ಡಿಗ್ರಿ ಅಂತರ ಅಂದರೆ ಸುಮ್ನೆ ಅಲ್ಲ. ವೆಡ್ಜ್‌ಗಳಲ್ಲಿ ನಾಲ್ಕು ಡಿಗ್ರಿಗೆ ನಮ್ಮಂಥವರಿಗೆ ಹತ್ತರಿಂದ ಹದಿನೈದು ಗಜ ವ್ಯತ್ಯಾಸ ಬರುತ್ತದೆ. ಹಾಗಾದರೆ ನಿಮಗೆ ಮೂವತ್ತರಿಂದ ನಲವತ್ತೈದು ಗಜದ ಜಾಗದಲ್ಲಿ ಫುಲ್ ಶಾಟ್ ಹೊಡೆಯಲು ಕ್ಲಬ್ಬೇ ಇಲ್ಲ. ಒಂದು ರೌಂಡಿನಲ್ಲಿ ಆ ದೂರ ಎಷ್ಟು ಸಲ ಬರುತ್ತದೆ, ಬಂಕರ್ ದಾಟಿಸಿ ನಾಲ್ಕು ಹೆಜ್ಜೆಗೆ ನಿಲ್ಲಿಸುವ ಪ್ರಸಂಗ ಎಷ್ಟು ಸಲ ಬರುತ್ತದೆ, ನೀವೇ ಯೋಚಿಸಿ.

ಇದು ನಿಮ್ಮೊಬ್ಬರ ಸಮಸ್ಯೆ ಅಲ್ಲ. ಹಿಂದೆ ಪಿಚಿಂಗ್ ವೆಡ್ಜ್ 48ರ ಹತ್ತಿರ ಇರುತ್ತಿತ್ತು. ಐರನ್‌ಗಳು ದೂರ ಹೋಗಲಿ ಅಂತ ಕಂಪನಿಗಳು ವರ್ಷ ವರ್ಷ ಲಾಫ್ಟ್ ಇಳಿಸುತ್ತಾ ಬಂದವು. ಈಗ ಪಿಚಿಂಗ್ ವೆಡ್ಜ್ 44ಕ್ಕೆ ಬಂದು ನಿಂತಿದೆ, ಕೆಲವು ಸೆಟ್‌ಗಳಲ್ಲಿ ಇನ್ನೂ ಕೆಳಗೆ. ಸ್ಯಾಂಡ್ ವೆಡ್ಜ್ ಮಾತ್ರ 54–56ರಲ್ಲೇ ಉಳಿಯಿತು. ಅದಕ್ಕೇ ಗ್ಯಾಪ್ ವೆಡ್ಜ್ ಅನ್ನುವುದು ಹುಟ್ಟಿಕೊಂಡದ್ದು. ನೀವು 50 ತಗೊಳ್ಳಿ. ಬ್ಯಾಗಿನಲ್ಲಿ 14 ಕ್ಲಬ್ಬಿಗಿಂತ ಜಾಸ್ತಿ ಇಡುವಂತಿಲ್ಲ, ಜಾಗವನ್ನು ನೋಡಿಕೊಂಡು ಖರ್ಚು ಮಾಡಿ.

2007ರ ಮಾಸ್ಟರ್ಸ್ ಟೂರ್ನಿ ನೆನಪಿದೆಯಾ? ಝಾಕ್ ಜಾನ್ಸನ್ ನಾಲ್ಕು ದಿನವೂ ಒಂದೇ ಒಂದು ಪಾರ್ 5ರಲ್ಲಿ (ಐದು ಹೊಡೆತದಲ್ಲಿ ಮುಗಿಸಬೇಕಾದ ಹೋಲ್‌ನಲ್ಲಿ) ಎರಡನೇ ಹೊಡೆತಕ್ಕೆ ಗ್ರೀನ್ ಮುಟ್ಟಲು ಹೋಗಲಿಲ್ಲ. ಪ್ರತಿ ಸಲ ತನಗೆ ಬೇಕಾದ ದೂರಕ್ಕೆ ಇಟ್ಟು, ವೆಡ್ಜ್ ತೆಗೆದು, ಪಾರ್ 5ಗಳನ್ನೆಲ್ಲ ಸೇರಿಸಿ 11 ಅಂಡರ್ (ಪಾರ್‌ಗಿಂತ 11 ಹೊಡೆತ ಕಡಿಮೆ) ಆಡಿ ಗೆದ್ದರು. ವೆಡ್ಜ್ ದೂರ ಗೊತ್ತಿರುವುದಕ್ಕೆ ಅಷ್ಟು ಬೆಲೆ ಇದೆ.

ಹಳೇ ಕ್ಯಾಡಿ

ನಾನು ಚಿಕ್ಕವನಿದ್ದಾಗಿನಿಂದ ಬೇರೆಯವರ ಬ್ಯಾಗ್ ಹೊತ್ತು ಈ ಆಟ ಕಲಿತವನು. ಬೆಳಗಾವಿ ನೆಲದ ಬಗ್ಗೆ ನಾನು ಹೇಳುತ್ತೇನೆ, ಉಳಿದದ್ದನ್ನು ಓದಿಕೊಂಡವರು ಹೇಳಲಿ.

ನಮ್ಮಲ್ಲಿ ಒಂದೇ ಕೋರ್ಸ್ ವರ್ಷಕ್ಕೆ ಮೂರು ಸಲ ಬೇರೆ ಕೋರ್ಸ್ ಆಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ. ಆಗ ನೆಲ ಮೆತ್ತಗೆ, ಹುಲ್ಲು ದಟ್ಟ, ಕೆಲವು ಕಡೆ ಕಾಲಿಟ್ಟರೆ ನೀರು ಚಿಮ್ಮುತ್ತದೆ. ಅಕ್ಟೋಬರ್‌ನಿಂದ ಸಂಕ್ರಾಂತಿ ತನಕ ನೆಲ ಹದವಾಗಿರುತ್ತದೆ, ಹುಲ್ಲೂ ಇರುತ್ತದೆ. ಬೆಳಗಿನ ಹೊತ್ತು ಇಬ್ಬನಿ. ಶಿವರಾತ್ರಿ ದಾಟಿದ ಮೇಲೆ ಶುರು ನೋಡಿ ನಿಜವಾದ ಪರೀಕ್ಷೆ. ಹುಲ್ಲು ಒಣಗಿ ತೆಳ್ಳಗಾಗುತ್ತದೆ, ಕೆಂಪು ಮಣ್ಣು ಮೇಲೆ ಬರುತ್ತದೆ, ಅದರೊಳಗೆ ಸಣ್ಣ ಸಣ್ಣ ಜಂಬಿಟ್ಟಿಗೆ ಕಲ್ಲಿನ ಹರಳು. ಏಪ್ರಿಲ್‌ನಲ್ಲಿ ಆ ನೆಲದ ಮೇಲೆ ಟೀ (ಚೆಂಡು ಇಡುವ ಸಣ್ಣ ಗೂಟ) ಚುಚ್ಚಲು ಒತ್ತಿ ಹಿಡಿಯಬೇಕು, ಅಷ್ಟು ಗಟ್ಟಿ.

ಅಂಥ ನೆಲದ ಮೇಲೆ 60 ಡಿಗ್ರಿ ಹಿಡಿದು ಫೇಸ್ ಬಿಚ್ಚಿ (ಇನ್ನಷ್ಟು ಮೇಲಕ್ಕೆ ತಿರುಗಿಸಿ) ಹೊಡೆಯಲು ನಿಂತವರನ್ನು ನೋಡಿದರೆ, ಚೆಂಡು ಗ್ರೀನ್ ದಾಟಿ ಎಲ್ಲಿಗೆ ಹೋಗುತ್ತದೆ ಅಂತ ನಾನು ಮೊದಲೇ ಆ ಕಡೆ ನಡೆಯಲು ಶುರು ಮಾಡುತ್ತಿದ್ದೆ. ಸೋಲ್ (ಕ್ಲಬ್ಬಿನ ತಳ) ನೆಲಕ್ಕೆ ಬಡಿದು ಪುಟಿಯುತ್ತದೆ, ಲೀಡಿಂಗ್ ಎಡ್ಜ್ (ಮುಂದಿನ ಅಂಚು) ಹೋಗಿ ಚೆಂಡಿನ ಹೊಟ್ಟೆಗೆ ತಾಗುತ್ತದೆ. ಚೆಂಡು ಮೊಣಕಾಲೆತ್ತರದಲ್ಲಿ ಹಾರುತ್ತದೆ.

ಬೇಸಿಗೆಯಲ್ಲಿ ಗ್ರೀನ್ ಹೊರಗಿನಿಂದಲೂ ಪಟ್ಟರ್ (ಚೆಂಡನ್ನು ಉರುಳಿಸುವ ಕ್ಲಬ್) ತೆಗೆಯಿರಿ. ನಡುವೆ ಏನೂ ಅಡ್ಡ ಇಲ್ಲದಿದ್ದರೆ ಅದಕ್ಕಿಂತ ಒಳ್ಳೇ ಹೊಡೆತ ಇಲ್ಲ. ಅಮೆರಿಕದವರು ಅದಕ್ಕೆ ಟೆಕ್ಸಸ್ ವೆಡ್ಜ್ ಅಂತಲೇ ಹೆಸರಿಟ್ಟಿದ್ದಾರೆ, ಅಲ್ಲಿಯೂ ಒಣ ನೆಲ, ಗಾಳಿ.

ಗರಿಕೆ

ಹಳೇ ಕ್ಯಾಡಿ ಅವರು ಹೇಳಿದ ಆ "ಪುಟಿಯುವುದು" ಇದೆಯಲ್ಲ, ಈ ಚರ್ಚೆಯ ಮೂಲವೇ ಅದು. ಅದನ್ನು ಅರ್ಥ ಮಾಡಿಕೊಂಡರೆ ಅರ್ಧ ಗೊಂದಲ ಹೋಗುತ್ತದೆ.

ವೆಡ್ಜ್ ಅಂದಾಗ ಎಲ್ಲರೂ ಲಾಫ್ಟ್ ಸಂಖ್ಯೆ ಕೇಳುತ್ತಾರೆ, 56, 58, 60. ಬೌನ್ಸ್ ಕೇಳುವವರು ಕಡಿಮೆ. ಕ್ಲಬ್ಬಿನ ತಳದಲ್ಲಿ ಲೀಡಿಂಗ್ ಎಡ್ಜ್‌ಗಿಂತ ಕೆಳಗೆ ಇಳಿದಿರುವ ಉಬ್ಬು ಇರುತ್ತದೆ. ಅದು ನೆಲದ ಜೊತೆ ಮಾಡುವ ಕೋನವೇ ಬೌನ್ಸ್. ಕ್ಲಬ್ ಮಣ್ಣಿನೊಳಗೆ ಅಗೆದುಕೊಂಡು ಹೋಗದೆ ಜಾರಲಿ ಅಂತ ಅದನ್ನು ಇಟ್ಟಿರುತ್ತಾರೆ. ಜೀನ್ ಸರಜೆನ್ 1930ರ ದಶಕದ ಶುರುವಿನಲ್ಲಿ ತನ್ನ ವೆಡ್ಜ್‌ನ ಹಿಂಭಾಗಕ್ಕೆ ಲೋಹ ಬೆಸೆದು ಇದನ್ನೇ ಮಾಡಿದ್ದು. ಆ ಕ್ಲಬ್ ಹಿಡಿದು 1932ರ ಬ್ರಿಟಿಷ್ ಓಪನ್ ಗೆದ್ದರು. ಅಲ್ಲಿಯ ತನಕ ಬಂಕರ್‌ನಲ್ಲಿ ಚೂಪಾದ ಕ್ಲಬ್ ಮರಳಿನೊಳಗೆ ಹೂತುಹೋಗುತ್ತಿತ್ತು.

ಸಾಮಾನ್ಯವಾಗಿ 4ರಿಂದ 6 ಡಿಗ್ರಿ ಬೌನ್ಸ್ ಅಂದರೆ ಕಡಿಮೆ, ಗಟ್ಟಿ ನೆಲಕ್ಕೆ. 7ರಿಂದ 10 ನಡುವಿನದು. 10ಕ್ಕಿಂತ ಮೇಲೆ ಹೋದರೆ ಮೆತ್ತನೆಯ ನೆಲ, ಸಡಿಲ ಮರಳಿಗೆ.

ಇನ್ನೊಂದು ವಿಷಯ. ಫೇಸ್ ಬಿಚ್ಚಿದಾಗ ಲಾಫ್ಟ್ ಮಾತ್ರ ಜಾಸ್ತಿ ಆಗುವುದಿಲ್ಲ, ಬೌನ್ಸ್ ಕೂಡ ಜಾಸ್ತಿ ಆಗುತ್ತದೆ. ಮನೆಯಲ್ಲೇ ನೋಡಬಹುದು. ನಿಮ್ಮ 56 ತಗೊಂಡು ಗಟ್ಟಿ ಟೇಬಲ್ ಮೇಲೆ ಸೋಲ್ ಊರಿ. ಫೇಸ್ ನೇರ ಇದ್ದಾಗ ಲೀಡಿಂಗ್ ಎಡ್ಜ್ ಕೆಳಗೆ ಎಷ್ಟು ಸಂದು ಇದೆ ಅಂತ ನಾಣ್ಯ ತೂರಿಸಿ ನೋಡಿ. ಈಗ ಫೇಸ್ ಬಿಚ್ಚುತ್ತಾ ಹೋಗಿ. ಸಂದು ದೊಡ್ಡದಾಗುತ್ತದೆ, ಒಂದು ನಾಣ್ಯ ಹಿಡಿಯುತ್ತಿದ್ದ ಕಡೆ ಎರಡು ಮೂರು ಹಿಡಿಯುತ್ತವೆ. ಚೆಂಡಿನ ವ್ಯಾಸ 42.67 ಮಿಲಿಮೀಟರ್, ಅಂದರೆ ನಡುಮಟ್ಟ ನೆಲದಿಂದ 21 ಮಿಲಿಮೀಟರ್ ಮೇಲೆ. ಲೀಡಿಂಗ್ ಎಡ್ಜ್ ಅದಕ್ಕಿಂತ ಸಾಕಷ್ಟು ಕೆಳಗೆ ಹೋದರೆ ಮಾತ್ರ ಚೆಂಡು ಫೇಸ್ ಮೇಲೆ ಕೂರುತ್ತದೆ. ಕೆಳಗೆ ಹುಲ್ಲಿದ್ದರೆ ಚೆಂಡು ಒಂದಿಷ್ಟು ಮೇಲೆ ಕೂತಿರುತ್ತದೆ, ತೊಂದರೆ ಇಲ್ಲ. ಬರೀ ನೆಲದ ಮೇಲಿದ್ದರೆ ಆ ಕೆಲವು ಮಿಲಿಮೀಟರ್‌ಗಳಲ್ಲೇ ಎಲ್ಲಾ ತೀರ್ಮಾನ ಆಗಿಬಿಡುತ್ತದೆ.

ಅದಕ್ಕೇ ಏಪ್ರಿಲ್‌ನಲ್ಲಿ ಫೇಸ್ ಬಿಚ್ಚಿ ಹೊಡೆಯುವುದು ಅಷ್ಟು ಕಷ್ಟ. ಅದು ಕೈಯ ಕೌಶಲದ ಕೊರತೆ ಅಲ್ಲ. ನೆಲಕ್ಕೂ ಆ ಸೋಲಿಗೂ ಆಗಿಬರುವುದಿಲ್ಲ.

ಎರೆಮಣ್ಣು ವಿಜಯಪುರ

ನಮ್ಮೂರ ಕಡೆ ಕೋರ್ಸ್ ಇಲ್ಲ. ಕೆಲಸದ ಮೇಲೆ ಬೆಳಗಾವಿಗೆ ಬಂದಾಗ ಆಡುತ್ತೇನೆ, ಉಳಿದ ದಿನ ಹೊಲದಲ್ಲಿ ಚಿಪ್ಪಿಂಗ್ (ಸಣ್ಣ ಹೊಡೆತದ) ಅಭ್ಯಾಸ. ಜೋಳ ಕಟಾವಾದ ಮೇಲೆ ಎರೆಮಣ್ಣು ಒಣಗಿ ಬಿರುಕು ಬಿಟ್ಟಿರುತ್ತದೆ, ಮಳೆ ಬಂದರೆ ಅಂಟು. ಅಲ್ಲಿ 60ರಲ್ಲಿ ಅಭ್ಯಾಸ ಮಾಡಬಹುದಾ? ಕೋಚ್ ಇಲ್ಲ, ವೀಡಿಯೋ ನೋಡಿ ಕಲಿಯುತ್ತಿದ್ದೇನೆ.

ಗರಿಕೆ

ಎರೆಮಣ್ಣಿನ ಮೇಲೆ ನೇರವಾಗಿ ಬೇಡ. ಒಣಗಿದ್ದಾಗ ಹೆಂಟೆಗೆ ಬಡಿದು ಮಣಿಕಟ್ಟು ನೋಯುತ್ತದೆ, ಹಸಿ ಇದ್ದಾಗ ಫೇಸ್ ತುಂಬಾ ಮಣ್ಣು. ಬದುವಿನ ಮೇಲೆ ಗರಿಕೆ ಬೆಳೆದಿರುತ್ತದಲ್ಲ, ಆ ಜಾಗ ಹಿಡಿಯಿರಿ. ಬರ್ಮುಡಾ ಅಂತ ಗಾಲ್ಫಿನವರು ಕರೆಯುವುದು ನಮ್ಮ ಗಣಪತಿಗೆ ಏರಿಸುವ ಗರಿಕೆಯ ಜಾತಿಯನ್ನೇ. ಬಿಸಿ ನಾಡಿನ ಎಷ್ಟೋ ಕೋರ್ಸ್‌ಗಳಲ್ಲಿ ಅದೇ ಹುಲ್ಲು, ಹಾಗಾಗಿ ಬದುವಿನ ಮೇಲಿನ ಅಭ್ಯಾಸ ವ್ಯರ್ಥ ಆಗುವುದಿಲ್ಲ.

ಅಲ್ಲೇ ಒಂದು ಗಮನಿಸಿ. ಗರಿಕೆ ನೆಲಕ್ಕೆ ಮಲಗಿ ಒಂದು ದಿಕ್ಕಿಗೆ ಹಬ್ಬುತ್ತದೆ. ಹುಲ್ಲಿನ ತುದಿ ನೀವು ಹೊಡೆಯುವ ಕಡೆಗೇ ಇದ್ದರೆ ಕ್ಲಬ್ ಸರಾಗ ಜಾರುತ್ತದೆ. ತುದಿ ನಿಮ್ಮ ಕಡೆ ತಿರುಗಿದ್ದರೆ ಲೀಡಿಂಗ್ ಎಡ್ಜ್ ಅದರಲ್ಲಿ ಸಿಕ್ಕಿಕೊಂಡು ನಿಂತುಬಿಡುತ್ತದೆ. ಒಂದೇ ಜಾಗ, ಒಂದೇ ಕ್ಲಬ್, ಎರಡು ದಿಕ್ಕಿಗೆ ಹೊಡೆದು ನೋಡಿ, ಗೊತ್ತಾಗುತ್ತದೆ. ಎದುರು ಹುಲ್ಲಿನಲ್ಲಿ 60 ಬೇಡವೇ ಬೇಡ.

ಕ್ಯಾಂಪ್ ನಿವೃತ್ತ

ಸೇನೆಯಲ್ಲಿದ್ದಾಗ ಬೇರೆ ಬೇರೆ ಊರಿನ ಕಂಟೋನ್ಮೆಂಟ್ ಕೋರ್ಸ್‌ಗಳಲ್ಲಿ ಆಡಿದ್ದೇನೆ. ಕೆಲವು ಕಡೆ ಗ್ರೀನ್ ಇರುತ್ತಿರಲಿಲ್ಲ, ಬ್ರೌನ್ ಇರುತ್ತಿತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ನೀರಿನ ಅಭಾವ ಇದ್ದ ಕಡೆ ಹುಲ್ಲಿನ ಬದಲು ಮರಳಿಗೆ ಎಣ್ಣೆ ಬೆರೆಸಿ ಸಮತಟ್ಟು ಮಾಡಿ ಅದರ ಮೇಲೆ ಪಟ್ ಮಾಡುವುದು. ಅಂಥ ಕಡೆ ಬೆಳೆದ ಆಟಗಾರರು ಸುತ್ತಲಿನ ಗಟ್ಟಿ ನೆಲದ ಮೇಲೆ ಚೆಂಡು ಓಡಿಸಿಯೇ ಒಳಗೆ ತರುತ್ತಿದ್ದರು. 7 ಐರನ್, 8 ಐರನ್, ಸಣ್ಣ ಸ್ವಿಂಗ್. ಇವತ್ತಿಗೂ ನಾನು ಅದನ್ನೇ ಆಡುತ್ತೇನೆ.

ನಮ್ಮ ಹುಡುಗರು ಟಿವಿ ನೋಡಿ ಎಲ್ಲದಕ್ಕೂ ಎತ್ತಿ ಹೊಡೆಯುತ್ತಾರೆ. ಚೆಂಡು ಗಾಳಿಯಲ್ಲಿ ಇರುವಷ್ಟು ಹೊತ್ತು ನಿಮ್ಮ ಕೈಯಲ್ಲಿಲ್ಲ. ಅದರಲ್ಲೂ ಜುಲೈನಲ್ಲಿ ಪಶ್ಚಿಮದಿಂದ ಬೀಸುವ ಗಾಳಿ ಇದೆಯಲ್ಲ, 60ರಲ್ಲಿ ಎತ್ತಿದ ಚೆಂಡನ್ನು ಅದು ಎಲ್ಲಿಗೆ ಬೇಕಾದರೂ ಒಯ್ಯುತ್ತದೆ. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಘಟ್ಟದ ಅಂಚು. ಇಲ್ಲಿ ಗಾಳಿಗೆ ತಡೆ ಇಲ್ಲ.

ನನ್ನ ಸಲಹೆ: ಮೊದಲು ಓಡಿಸಲು ಆಗುತ್ತದಾ ನೋಡಿ. ಆಗದಿದ್ದರೆ ಅರ್ಧ ಎತ್ತಿ ಅರ್ಧ ಓಡಿಸಿ. ಅದೂ ಆಗದಿದ್ದಾಗ ಮಾತ್ರ ಪೂರ್ತಿ ಎತ್ತಿ.

ವಡಗಾವಿ ವನಿತೆ

ಸರ್, ನಿಮ್ಮ ಕ್ರಮ ಒಪ್ಪುತ್ತೇನೆ. ಆದರೆ ಲಾಬ್ ವೆಡ್ಜ್ ಅಂದರೆ ಷೋಕಿ ಅನ್ನುವ ಮಾತು ಮಾತ್ರ ಒಪ್ಪಲಾರೆ.

ನಾನು 58 ಇಟ್ಟಿದ್ದೇನೆ, ಬಿಡುವುದಿಲ್ಲ. ಕಾರಣ ಹೇಳುತ್ತೇನೆ. ನಮ್ಮ ಹೆಂಗಸರಲ್ಲಿ ಹೆಚ್ಚಿನವರ ಸ್ವಿಂಗ್ ವೇಗ ಕಡಿಮೆ. ಸ್ಪಿನ್ ಹುಟ್ಟುವುದು ವೇಗದಿಂದ. ಪುರುಷ ವೃತ್ತಿಪರರು ಪಿಚಿಂಗ್ ವೆಡ್ಜ್ ಫುಲ್ ಹೊಡೆದರೆ ಚೆಂಡು ನಿಮಿಷಕ್ಕೆ 9000ಕ್ಕೂ ಜಾಸ್ತಿ ಸಲ ಹಿಂದಕ್ಕೆ ತಿರುಗುತ್ತದೆ. ಅವರು ಚೆಂಡನ್ನು ತಗ್ಗಾಗಿ ಹೊಡೆದೂ ಸ್ಪಿನ್‌ನಿಂದ ನಿಲ್ಲಿಸಬಲ್ಲರು. ನಾವು ಮೂವತ್ತು ಗಜದಿಂದ ಮೆಲ್ಲಗೆ ಹೊಡೆದಾಗ ಅಷ್ಟು ಸ್ಪಿನ್ ಎಲ್ಲಿಂದ ಬರಬೇಕು? ನಮಗೆ ಚೆಂಡು ನಿಲ್ಲಿಸಲು ಇರುವ ದಾರಿ ಒಂದೇ, ಮೇಲಿನಿಂದ ಕಡಿದಾಗಿ ಇಳಿಸುವುದು. ಅದನ್ನು ಕೊಡುವುದು ಲಾಫ್ಟ್.

ಅದಕ್ಕೇ ಲಾಬ್ ವೆಡ್ಜ್ ದೊಡ್ಡ ಆಟಗಾರರಿಗೆ ಮಾತ್ರ ಅನ್ನುವ ಮಾತು ನನಗೆ ಉಲ್ಟಾ ಕಾಣುತ್ತದೆ. ಮಳೆಗಾಲದಲ್ಲಿ, ದಟ್ಟ ಹುಲ್ಲಿನಲ್ಲಿ ಚೆಂಡು ಮೇಲೆ ಕೂತಿರುವಾಗ, ಫೇಸ್ ಬಿಚ್ಚದೆ, ಕೈ ತಿರುಚದೆ, ಸುಮ್ನೆ ಸಾದಾ ಪಿಚ್ ಹೊಡೆಯಿರಿ. ಲಾಫ್ಟ್ ತನ್ನ ಕೆಲಸ ತಾನೇ ಮಾಡುತ್ತದೆ. 56ರ ಫೇಸ್ ಬಿಚ್ಚಿ 60 ಮಾಡಿಕೊಳ್ಳುವುದಕ್ಕಿಂತ 60ನ್ನು ನೇರವಾಗಿ ಹೊಡೆಯುವುದು ಸುಲಭ ಅಲ್ವಾ?

ಹಾಗೇ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರನ್ನು ನೋಡಿ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಬಂದರು. ಜೊತೆಗೆ ಆಡಿದವರಿಗಿಂತ ಡ್ರೈವ್ ಎಷ್ಟೋ ಹಿಂದೆ ಬೀಳುತ್ತಿತ್ತು. ಗ್ರೀನ್ ಹತ್ತಿರದ ಆಟ ಮತ್ತು ಪಟ್ಟಿಂಗ್‌ನಿಂದ ಪದಕದ ಅಂಚಿನ ತನಕ ಹೋದರು. ದೂರ ಹೊಡೆಯದವರಿಗೆ ವೆಡ್ಜ್ ಇನ್ನೂ ಮುಖ್ಯ.

ಕ್ಯಾಂಪ್ ನಿವೃತ್ತ

ಸ್ಪಿನ್ ಇಲ್ಲದವರಿಗೆ ಎತ್ತರ ಬೇಕು ಅನ್ನುವ ಮಾತು ನಾನು ಈ ರೀತಿ ಯೋಚಿಸಿರಲಿಲ್ಲ. ಮಳೆಗಾಲಕ್ಕೆ ಒಪ್ಪುತ್ತೇನೆ. ಬೇಸಿಗೆಗೆ ನನ್ನ 8 ಐರನ್ನೇ.

ಟಿಳಕವಾಡಿ ಲೆಫ್ಟಿ

ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಎರಡು ಸಂದೇಹ.

ಒಂದು, 60 ಡಿಗ್ರಿ ಅಂದರೆ ಚೆಂಡು 60 ಡಿಗ್ರಿ ಕೋನದಲ್ಲೇ ಏಳುತ್ತದಾ? ಎರಡು, ಒದ್ದೆ ಹುಲ್ಲಿನಲ್ಲಿ ಹೊಡೆದಾಗ ಚೆಂಡು ಎತ್ತರ ಹೋದರೂ ನಿಲ್ಲದೆ ಓಡುತ್ತದೆ. ಮೆತ್ತನೆ ನೆಲದಲ್ಲಿ ನಿಲ್ಲಬೇಕಿತ್ತಲ್ಲ?

ಗರಿಕೆ

ಒಂದನೆಯದು, ಇಲ್ಲ. ಫುಲ್ ಸ್ವಿಂಗ್‌ನಲ್ಲಿ ಹೊಡೆಯುವಾಗ ಕೈಗಳು ಚೆಂಡಿಗಿಂತ ಮುಂದೆ ಇರುತ್ತವೆ, ಶಾಫ್ಟ್ (ಕ್ಲಬ್ಬಿನ ಕೋಲು) ಮುಂದಕ್ಕೆ ವಾಲುತ್ತದೆ, ಹಾಗಾಗಿ ಲಾಫ್ಟ್ ಕಡಿಮೆ ಆಗುತ್ತದೆ. ಕ್ಲಬ್ ಕೆಳಮುಖವಾಗಿ ಬರುವುದರಿಂದ ಚೆಂಡು ಇನ್ನೂ ತಗ್ಗಾಗಿ ಏಳುತ್ತದೆ. ಒಳ್ಳೆಯ ಆಟಗಾರರ ವೆಡ್ಜ್ ಹೊಡೆತಗಳು 30 ಡಿಗ್ರಿ ಆಸುಪಾಸಿನಲ್ಲೇ ಏಳುತ್ತವೆ. ಉಳಿದ ಲಾಫ್ಟ್ ಸ್ಪಿನ್ ಆಗಿ ಬದಲಾಗುತ್ತದೆ ಅಂತ ತಿಳಿಯಿರಿ. ನಮ್ಮಲ್ಲಿ ಹಲವರು ಚೆಂಡನ್ನು ಎತ್ತಲು ಹೋಗಿ ಮಣಿಕಟ್ಟು ಮುಂದಕ್ಕೆ ಚಿಮ್ಮಿಸುತ್ತಾರೆ. ಆಗ ಚೆಂಡು ತುಂಬಾ ಎತ್ತರ ಏಳುತ್ತದೆ, ಸ್ಪಿನ್ ಇರುವುದಿಲ್ಲ, ದೂರವೂ ಪ್ರತಿ ಸಲ ಬೇರೆ. ಫುಲ್ 60 ಹೊಡೆದು ದೂರ ಅಳೆಯಲು ಹೋಗಬೇಡಿ ಅಂತ ಇದಕ್ಕೇ ಹೇಳುವುದು. ಫೇಸ್‌ನಲ್ಲಿ ಸ್ವಲ್ಪ ಮೇಲೆ ತಾಗಿದರೂ ಚೆಂಡು ಮುಂದೆ ಹೋಗದೆ ಮೇಲಕ್ಕೆ ಹೋಗಿ ಅಲ್ಲೇ ಬೀಳುತ್ತದೆ.

ಎರಡನೆಯದು ಘರ್ಷಣೆಯ ಮಾತು. ಫೇಸ್‌ಗೂ ಚೆಂಡಿಗೂ ನಡುವೆ ನೀರು ಮತ್ತು ಹುಲ್ಲಿನ ರಸ ಸೇರಿದರೆ ಹಿಡಿತ ತಪ್ಪುತ್ತದೆ. ಚೆಂಡು ಫೇಸ್ ಮೇಲೆ ಜಾರಿ ಮೇಲಕ್ಕೆ ಹೋಗುತ್ತದೆ, ಸ್ಪಿನ್ ಬೀಳುತ್ತದೆ. ಲಾಫ್ಟ್ ಹೆಚ್ಚಿದಷ್ಟೂ ಈ ಜಾರುವುದು ಜಾಸ್ತಿ. ನಿಮ್ಮ ಕಣ್ಣಿಗೆ "ಆಹಾ ಎತ್ತರ ಹೋಯಿತು" ಅನ್ನಿಸುತ್ತದೆ, ಬಿದ್ದ ಮೇಲೆ ಓಡುತ್ತದೆ. ಆದ್ದರಿಂದ ಇಬ್ಬನಿ ಇರುವ ಬೆಳಗ್ಗೆ ಸ್ಪಿನ್ ನಂಬಿ ಆಡಬೇಡಿ. ಬೀಳುವ ಜಾಗವನ್ನು ಒಂದೆರಡು ಹೆಜ್ಜೆ ಈಚೆಗೆ ಇಟ್ಟುಕೊಳ್ಳಿ.

ಶಹಾಪುರ ಪಾರ್ 3

ದಟ್ಟ ರಫ್‌ನಲ್ಲಿ (ಉದ್ದ ಬಿಟ್ಟ ಹುಲ್ಲಿನಲ್ಲಿ) ಲಾಬ್ ಬಳಸುವವರು ಇನ್ನೊಂದು ಅಪಾಯ ತಿಳಿದಿರಲಿ. ಮೆಲ್ಲಗೆ ಹೊಡೆದಾಗ ಚೆಂಡು ನೆಟ್ಟಗೆ ಮೇಲೆದ್ದು, ಕ್ಲಬ್ ಮುಂದುವರಿಯುತ್ತಾ ಬಂದು ಅದಕ್ಕೇ ಎರಡನೇ ಸಲ ತಾಗಬಹುದು. 1985ರ ಯುಎಸ್ ಓಪನ್‌ನಲ್ಲಿ ತೈವಾನ್‌ನ ಟಿ.ಸಿ. ಚೆನ್ ಕೊನೆಯ ದಿನ ನಾಲ್ಕು ಹೊಡೆತ ಮುಂದಿದ್ದರು. ಐದನೇ ಹೋಲ್‌ನಲ್ಲಿ ರಫ್‌ನಿಂದ ವೆಡ್ಜ್ ಹೊಡೆದಾಗ ಹೀಗೇ ಎರಡು ಸಲ ತಾಗಿತು. ಆಗಿನ ನಿಯಮದಂತೆ ದಂಡದ ಹೊಡೆತವೂ ಸೇರಿತು. ಪಾರ್ 4ರಲ್ಲಿ 8 ಆಯಿತು. ಕೊನೆಗೆ ಒಂದೇ ಹೊಡೆತದಿಂದ ಆ್ಯಂಡಿ ನಾರ್ತ್‌ಗೆ ಸೋತರು. ಅದನ್ನು ಓದಿದಾಗೆಲ್ಲ ನನಗೆ ಸಂಕಟ ಆಗುತ್ತದೆ.

2019ರಲ್ಲಿ ನಿಯಮ ಬದಲಾಯಿತು. ಈಗ ಆಕಸ್ಮಿಕವಾಗಿ ಎರಡು ಸಲ ತಾಗಿದರೆ ಒಂದೇ ಹೊಡೆತ, ದಂಡ ಇಲ್ಲ. ಒಳ್ಳೇ ಬದಲಾವಣೆ ಅದು. ಆದರೂ ಚೆಂಡು ಎಲ್ಲಿ ಹೋಗುತ್ತದೆ ಅಂತ ಹೇಳಲು ಬರುವುದಿಲ್ಲ.

ಹಳೇ ಕ್ಯಾಡಿ

ಮಳೆಗಾಲದ ನಿಯಮ ಒಂದು ನಾನೂ ಸೇರಿಸುತ್ತೇನೆ. ಫೇರ್‌ವೇಯಲ್ಲಿ (ಕತ್ತರಿಸಿದ ಹುಲ್ಲಿನ ಹಾದಿಯಲ್ಲಿ), ರಫ್‌ನಲ್ಲಿ ಚೆಂಡು ತಾನು ಬಿದ್ದ ಗುಂಡಿಯಲ್ಲೇ ಹೂತಿದ್ದರೆ ದಂಡ ಇಲ್ಲದೆ ಎತ್ತಿ ಡ್ರಾಪ್ ಮಾಡಬಹುದು. ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ, ಹೂತ ಚೆಂಡನ್ನು ಲಾಬ್ ವೆಡ್ಜ್‌ನಿಂದ ಅಗೆದು ತೆಗೆಯಲು ಹೋಗುತ್ತಾರೆ. ಬಂಕರ್‌ನಲ್ಲಿ ಮಾತ್ರ ಆ ರಿಯಾಯಿತಿ ಇಲ್ಲ.

ಬಂಕರ್ ಅಂದಾಗ ನೆನಪಾಯಿತು. ಬಂಕರ್‌ಗೆ 60 ಬೇಕು ಅಂತ ತಗೊಳ್ಳುವವರು ಮೊದಲು ಮರಳು ನೋಡಿ. ಮರಳು ಆಳವಾಗಿ ಸಡಿಲ ಇದ್ದರೆ 56, ಜಾಸ್ತಿ ಬೌನ್ಸ್ ಇರುವುದು. ಮಳೆ ಬಿದ್ದು ಮರಳು ಗಟ್ಟಿಯಾಗಿ ಕೂತಿದ್ದರೆ, ಅಥವಾ ಮರಳು ತೆಳುವಾಗಿ ಕೆಳಗಿನ ಮಣ್ಣು ಸಿಗುತ್ತಿದ್ದರೆ, ಕಡಿಮೆ ಬೌನ್ಸ್‌ನ 60 ಒಳ್ಳೇದು. ಗೋಡೆ ಎತ್ತರ ಇದ್ದು ಪಿನ್ ಹತ್ತಿರ ಇದ್ದರೂ 60. ಬಂಕರ್ ಒಳಗೆ ಕಾಲು ಊರಿ ನಿಲ್ಲುವಾಗಲೇ ಪಾದಕ್ಕೆ ಗೊತ್ತಾಗುತ್ತದೆ ಮರಳು ಎಷ್ಟು ಆಳ ಇದೆ ಅಂತ. ಕ್ಲಬ್‌ನಿಂದ ಮರಳು ಮುಟ್ಟಿ ಪರೀಕ್ಷೆ ಮಾಡುವಂತಿಲ್ಲ, ಕಾಲಿಗೆ ತಿಳಿದದ್ದೇ ಲೆಕ್ಕ.

ಎರೆಮಣ್ಣು ವಿಜಯಪುರ

ಹೊಡೆಯುವ ವಿಧಾನ ಯಾರಾದರೂ ಒಂದು ಸಲ ಸರಿಯಾಗಿ ಹೇಳಿ. ಒಂದೊಂದು ವೀಡಿಯೋದಲ್ಲಿ ಒಂದೊಂದು ಹೇಳುತ್ತಾರೆ.

ವಡಗಾವಿ ವನಿತೆ

ನಾನು ಮಾಡುವುದು ಹೇಳುತ್ತೇನೆ, ಸಾದಾ ಎತ್ತರದ ಪಿಚ್‌ಗೆ. ಕಾಲು ಭುಜದಷ್ಟು ಅಗಲ, ಮೊಣಕಾಲು ಸ್ವಲ್ಪ ಜಾಸ್ತಿ ಬಗ್ಗಿಸಿ. ಚೆಂಡು ನಡುವಿನಿಂದ ಸ್ವಲ್ಪ ಮುಂದೆ. ಶಾಫ್ಟ್ ನೆಟ್ಟಗೆ ಇರಲಿ, ಕೈ ಮುಂದೆ ತಳ್ಳಬೇಡಿ. ಕೈ ಮುಂದೆ ತಳ್ಳಿದರೆ ಬೌನ್ಸ್ ಸತ್ತುಹೋಗುತ್ತದೆ, ಲೀಡಿಂಗ್ ಎಡ್ಜ್ ನೆಲ ಅಗೆಯುತ್ತದೆ. ಫೇಸ್ ಬಿಚ್ಚಬೇಕಿದ್ದರೆ ಮೊದಲು ಬಿಚ್ಚಿ, ಆಮೇಲೆ ಗ್ರಿಪ್ ಹಿಡಿಯಿರಿ. ಹಿಡಿದ ಮೇಲೆ ಮಣಿಕಟ್ಟು ತಿರುಗಿಸಿ ಬಿಚ್ಚಿದರೆ ಹೊಡೆಯುವಾಗ ಅದು ಮತ್ತೆ ಮುಚ್ಚಿಕೊಳ್ಳುತ್ತದೆ.

ಎಲ್ಲಕ್ಕಿಂತ ದೊಡ್ಡದು, ನಡುವೆ ಹೆದರಿ ವೇಗ ಇಳಿಸಬಾರದು. ಈ ಕ್ಲಬ್ಬಿನಲ್ಲಿ ಸ್ವಿಂಗ್ ದೊಡ್ಡದು, ದೂರ ಸಣ್ಣದು. ಹತ್ತಿರದ ಪಿನ್‌ಗೆ ಅಷ್ಟು ಉದ್ದ ಸ್ವಿಂಗ್ ಮಾಡಲು ಮನಸ್ಸು ಒಪ್ಪುವುದಿಲ್ಲ, ಕೊನೇ ಗಳಿಗೆಯಲ್ಲಿ ಕೈ ಹಿಂದೆಗೆಯುತ್ತದೆ. ಆಗಲೇ ಫ್ಯಾಟ್ ಆಗುವುದು, ಅಂದರೆ ಚೆಂಡಿಗಿಂತ ಮೊದಲು ನೆಲಕ್ಕೆ ಬಡಿಯುವುದು. ತೆಂಡುಲ್ಕರ್ ಸ್ಟ್ರೇಟ್ ಡ್ರೈವ್ ಹಾಗೆ ಎದೆ ಚೆಂಡಿನ ಜೊತೆ ಮುಂದೆ ತಿರುಗಲಿ, ಕೈ ಒಂಟಿಯಾಗಿ ಹೋಗಬಾರದು.

ಗರಿಕೆ

ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ಒಂದೇ ಸೇರಿಸುವುದು: ಎಲ್ಲಿ ಬೀಳಿಸಬೇಕು ಅಂತ ಒಂದು ಜಾಗ ಆರಿಸಿ, ಹುಲ್ಲಿನ ಮೇಲೆ ಒಂದು ಒಣ ಎಲೆಯೋ ಬಣ್ಣ ಬದಲಾದ ತುಂಡೋ. ಪಿನ್ ನೋಡಿ ಹೊಡೆಯಬೇಡಿ.

ಟಿಳಕವಾಡಿ ಲೆಫ್ಟಿ

ಸರಿ, ನನ್ನ ನಿರ್ಧಾರ ಹೀಗಿದೆ. ಮೊದಲು 50 ತಗೊಳ್ಳುತ್ತೇನೆ. ಲಾಬ್ ಕೂಡ ಬೇಕು, ಆದರೆ 60 ಬದಲು 58, ಬೌನ್ಸ್ 8ರ ಆಸುಪಾಸು. 50, 56, 58 ಅಂದರೆ ಕೊನೆಯೆರಡು ತೀರಾ ಹತ್ತಿರ ಆಗುತ್ತವಲ್ಲ, ಅದೊಂದು ಕೊರೆಯುತ್ತಿದೆ.

ಶಹಾಪುರ ಪಾರ್ 3

ಹತ್ತಿರ ಆಯಿತು. 50, 54, 58 ಮಾಡಿ. ನಿಮ್ಮ 56ರ ಲಾಫ್ಟನ್ನು ಬಗ್ಗಿಸಿ 54 ಮಾಡಿಸಬಹುದು. ಫೋರ್ಜ್ ಮಾಡಿದ ಮೆತ್ತನೆ ಸ್ಟೀಲ್ ಆಗಿದ್ದರೆ ಒಂದೆರಡು ಡಿಗ್ರಿ ಆರಾಮಾಗಿ ಬಗ್ಗುತ್ತದೆ. ಎರಕದ ಕ್ಲಬ್ ಆದರೆ ಮೊದಲು ವಿಚಾರಿಸಿ, ಕೆಲವು ಮುರಿಯುತ್ತವೆ. ಒಂದು ನೆನಪಿಡಿ, ಲಾಫ್ಟ್ ಎರಡು ಡಿಗ್ರಿ ಇಳಿಸಿದರೆ ಬೌನ್ಸೂ ಅಷ್ಟೇ ಇಳಿಯುತ್ತದೆ. 12 ಇದ್ದದ್ದು 10 ಆಗುತ್ತದೆ. ನಮ್ಮ ನೆಲಕ್ಕೆ ಅದು ಒಳ್ಳೆಯದೇ.

ಹಳೇ ಕ್ಯಾಡಿ

ಎಡಗೈ ಕ್ಲಬ್ ಇಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಬೆಂಗಳೂರೋ ಪುಣೆಯೋ ಕಡೆ ವಿಚಾರಿಸಿ. ಹಳೆಯದು ತಗೊಳ್ಳುವುದಾದರೆ ಗ್ರೂವ್‌ಗಳ (ಫೇಸ್ ಮೇಲಿನ ಗೀರುಗಳ) ಅಂಚಿಗೆ ಉಗುರು ತಾಗಿಸಿ ನೋಡಿ. ಉಗುರು ಸಿಕ್ಕಿಕೊಳ್ಳಬೇಕು, ಜಾರಿದರೆ ಬಿಟ್ಟುಬಿಡಿ. ಬಳಸಿದ ಮೇಲೆ ಕೆಂಪು ಮಣ್ಣು ಗ್ರೂವ್‌ನಲ್ಲಿ ಒಣಗಲು ಬಿಡಬೇಡಿ, ಒಣಗಿದರೆ ಬಿಡುವುದೇ ಇಲ್ಲ. ಹಳೇ ಟೂತ್‌ಬ್ರಷ್ ಮತ್ತು ಒದ್ದೆ ಟವೆಲ್ ಬ್ಯಾಗಿಗೆ ಕಟ್ಟಿರಿ, ಪ್ರತಿ ಹೊಡೆತ ಆದ ಮೇಲೂ ಒರೆಸಿ.

58 ಬಂದ ಮೇಲೆ ಹೇಳಿ, ಮಧ್ಯಾಹ್ನ ನಾಲ್ಕರ ಮೇಲೆ ಚಿಪ್ಪಿಂಗ್ ಜಾಗ ಖಾಲಿ ಇರುತ್ತದೆ, ನಾನೂ ಬರುತ್ತೇನೆ. ವಿಜಯಪುರದವರೂ ಆ ವಾರ ಈ ಕಡೆ ಬಂದಿದ್ದರೆ ಜೊತೆಗೆ ಬನ್ನಿ. ಹುಲ್ಲಿರುವ ಕಡೆ ಅರ್ಧ ಗಂಟೆ, ಬೋಳು ನೆಲದ ಮೇಲೆ ಅರ್ಧ ಗಂಟೆ ಹೊಡೆಯೋಣ.